ಎರಡನೆಯ ಕೀಲಿಕೈ

ನಮ್ಮ ಮನೆಯೊಡತಿಯ ಬಲಗೈಯ ನಡುಬೆರಳಿನ ಗೆಣ್ಣು ಉಳಿದ ಗೆಣ್ಣುಗಳಿಗಿಂತ ದಪ್ಪಗಿತ್ತು. ಅದರ ಮೇಲಿನ ಚರ್ಮ ಕಪ್ಪಗೆ, ಗಟ್ಟಿಯಾಗಿ ಹೊಳೆಯುತ್ತಿತ್ತು. ಬಾಡಿಗೆದಾರರ ಬಾಗಿಲು ಬಡಿದು ಬಡಿದೇ ಅದು ಹಾಗಾಗಿದೆ ಎಂದು ಬಹಳ ವರ್ಷ ನಂಬಿದ್ದೆ. ಈಗ ಅನುಮಾನ ಬರುತ್ತದೆ. ಹರೆಯದಲ್ಲಿ ಅವರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಎಲೆ ಬಿಡಿಸುತ್ತ ದುಡಿದವರು. ಗೆಣ್ಣು ಅಲ್ಲಿಯದೇ ಇರಬಹುದು. ಆದರೆ ಆ ಬಡಿತ ನನ್ನ ಕಲ್ಪನೆಯಲ್ಲ. ಎರಡು ಸಲ ಬಡಿಯುವುದು, ಎರಡು ಹೆಜ್ಜೆ ಹಿಂದಕ್ಕೆ ಸರಿಯುವುದು, ಬಾಗಿಲಿಗೆ ಬೆನ್ನು ಮಾಡಿ ರಸ್ತೆ ನೋಡುತ್ತ ನಿಲ್ಲುವುದು. ತಾವೇ ಕಟ್ಟಿಸಿದ ಮನೆಯ ಮುಂದೆ ಹಾಗೆ ನಿಲ್ಲುವ ಮಾಲೀಕರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಿಲ್ಲ.

ಓಣಿಯಲ್ಲಿ ಅವರವು ಸಾಲಾಗಿ ಐದು ಖೋಲಿಗಳಿದ್ದವು, ಒಂದೊಂದು ಕೋಣೆಯ ಬಾಡಿಗೆ ಮನೆಗಳು. ಸಾಲಿನ ಕೊನೆಗೆ ಅವರ ಸ್ವಂತ ಮನೆ. ಕನ್ನಡದವರೂ ಮರಾಠಿಯವರೂ ಅವರನ್ನು ಆಯಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ಕಾಲೇಜಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ, ಎರಡನೇ ಖೋಲಿ ಖಾಲಿಯಿದೆ ಎಂದು ಕೇಳಿ ಅಲ್ಲಿಗೆ ಹೋದೆ. ಖಾಲಿಯಿರಲಿಲ್ಲ. ಒಳಗೆ ಆಯಿ ಚಾಪೆ ಹಾಸಿಕೊಂಡು ಕುಳಿತಿದ್ದರು. ಮೂಲೆಯಲ್ಲಿ ಗ್ಯಾಸ್ ಒಲೆ, ಒಂದು ಬೋಗುಣಿ, ಒಂದು ಕೊಡ.

"ಇನ್ನ ಮೂರ ದಿವಸ ತಡೀರಿ ಮಾಸ್ತರ. ನಾ ಇನ್ನೂ ಇದರಾಗ ಇರಾಕತ್ತೇನಿ."

ಯಾವ ಖೋಲಿ ಖಾಲಿಯಾದರೂ ಮುಂದಿನವರಿಗೆ ಕೊಡುವ ಮೊದಲು ಎಂಟು ದಿನ ತಾವೇ ಅಲ್ಲಿ ಸಂಸಾರ ಹೂಡುವುದು ಅವರ ಪದ್ಧತಿ. ಅಲ್ಲೇ ಅಡುಗೆ, ಅಲ್ಲೇ ಸ್ನಾನ, ಅಲ್ಲೇ ನಿದ್ದೆ. ಹಸಿ ಹಿಡಿದ ಗೋಡೆಗೆ, ಸಡಿಲವಾದ ಚಿಲಕದ ಪಕ್ಕಕ್ಕೆ ಚಾಕ್‌ಪೀಸಿನಿಂದ ಒಂದೊಂದು ಗುಂಡು ಗುರುತು ಬರೆಯುವರು. ರಿಪೇರಿಯಾದಂತೆ ಒರೆಸುವರು.

ಮೂರು ದಿನ ಬಿಟ್ಟು ಹೋದಾಗ ಖೋಲಿಯ ಕುಂದುಗಳನ್ನು ಅವರೇ ಹೇಳಿದರು. "ಒಂಬತ್ತರ ಮ್ಯಾಲೆ ಬಿಸಲ ಸೀದಾ ಮಾರಿಗೆ ಬೀಳತೈತಿ. ಬಾಜೂಕಿನ ಖೋಲ್ಯಾಗ ಉಳ್ಳಾಗಡ್ಡಿ ಹೆಚ್ಚಿದ್ರ ನಿಮ್ಮ ಕಣ್ಣಾಗ ನೀರ ಬರತಾವ. ಸರಿ ಮಾಡೂ ಹಂಗ ಇದ್ದದ್ದ ಮಾಡೇನಿ, ಆಗಲಾರದ್ದ ಹೇಳೇನಿ. ಇನ್ನ ನಿಮ್ಮ ಖುಷಿ." ನಂತರ ಎರಡೂ ಕೀಲಿಕೈಗಳನ್ನು ನನ್ನ ಅಂಗೈಯಲ್ಲಿಟ್ಟರು. ಒಂದು ನಿಮ್ಮ ಹತ್ತಿರ ಇರಲಿ ಎಂದೆ.

"ಬ್ಯಾಡ್ರಿ. ನನ್ನ ಹತ್ರ ಇದ್ರ ಕೈ ತುರಸತೈತಿ."

ಇವೇ ಮಾತುಗಳೇ ಎಂದು ಕೇಳಿದರೆ ಪ್ರಮಾಣ ಮಾಡಲಾರೆ. ದಿನಾ ಡೈರಿ ಬರೆಯುವ ನನಗೆ ಆ ವರ್ಷದ್ದನ್ನು ತೆಗೆದು ನೋಡಲು ಆಗುವುದಿಲ್ಲ, ಶಾಯಿಯೆಲ್ಲ ನೀಲಿ ಮೋಡವಾಗಿದೆ. ಅದಕ್ಕೆ ಕಾರಣವಾದ ಮುಂಜಾನೆಯ ಕಥೆಯನ್ನೇ ಈಗ ಹೇಳಬೇಕು.

ನಮ್ಮ ಓಣಿಗೆ ನಳದ ನೀರು ಕೆಲವು ದಿನಕ್ಕೊಮ್ಮೆ ಬರುತ್ತಿತ್ತು. ಬಂತೋ ಇಲ್ಲವೋ ಎಂದು ಎಲ್ಲರೂ ನಳ ತಿರುಗಿಸಿ ನೋಡುವುದು, ಬರದಿದ್ದಾಗ ಹಾಗೇ ಮರೆತುಬಿಡುವುದು. ಮೂರನೇ ಖೋಲಿಯಲ್ಲಿದ್ದ ನರ್ಸಬಾಯಿಯೂ ಹಾಗೇ ಒಣ ನಳ ತೆರೆದಿಟ್ಟು, ಕೀಲಿ ಹಾಕಿ, ಸದಲಗಾದ ತವರಿಗೆ ಹೋಗಿದ್ದರು. ಮರುದಿನ ಮುಂಜಾನೆ ನೀರು ಬಂತು. ಬಚ್ಚಲಿನ ತೂತಿಗೆ ಬಟ್ಟೆ ಸಿಕ್ಕಿಕೊಂಡಿತ್ತೆಂದು ಆಮೇಲೆ ತಿಳಿಯಿತು. ನನಗೆ ಕಂಡದ್ದು ಇಷ್ಟು: ನಡುಗೋಡೆಯ ಬುಡದಿಂದ ನೀರು ಒಸರಿ ನನ್ನ ಖೋಲಿಯ ನೆಲದ ಮೇಲೆ ಹರಿಯುತ್ತಿತ್ತು. ಆ ನೆಲದ ಮೇಲೆಯೇ ನನ್ನ ಡೈರಿಯೂ ನಾಲ್ಕು ವರ್ಷದ ಸಂಶೋಧನೆಯ ವಹಿಗಳೂ ಇದ್ದವು. ಗಡಿ ಊರುಗಳನ್ನು ತಿರುಗಿ ಹಿರಿಯರ ಬಾಯಿಂದ ಬರೆದುಕೊಂಡದ್ದು, ಎರಡನೆಯ ಪ್ರತಿಯಿಲ್ಲ. ಹೇಳಿದವರಲ್ಲಿ ಎಷ್ಟೋ ಮಂದಿ ಆಗಲೇ ತೀರಿಕೊಂಡಿದ್ದರು.

ಆಯಿ ಓಡಿಬಂದು ಮೊದಲು ಖೋಲಿಗಳ ಸಾಲಿಗೆ ನೀರು ಬಿಡುವ ವಾಲ್ವ್ ಬಂದ್ ಮಾಡಿದರು. ಐದೂ ಖೋಲಿಗಳ ನೀರು ನಿಂತಿತು. ಆದರೆ ಕೀಲಿ ಹಾಕಿದ ಬಾಗಿಲಿನ ಆಚೆ ತುಂಬಿ ನಿಂತದ್ದು ಒಸರುತ್ತಲೇ ಇತ್ತು. ಆಯಿ ಫೋನ್ ಹಚ್ಚಿದರು. ನರ್ಸಬಾಯಿ ಎತ್ತಲಿಲ್ಲ.

ನಾಲ್ಕನೇ ಖೋಲಿಯ ಬಸ್ ಕಂಡಕ್ಟರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದರು. "ಆಯೀ, ಮಾಸ್ತರ ಪುಸ್ತಕ ಈಸಾಕತ್ತಾವ, ನೀ ಇನ್ನ ಫೋನ್ ಹಚ್ಕೋತ ಕುಂತಿ! ಸುತಿಗಿ ತರ್ಲೇನು?"

"ಸುತಿಗಿ ಬ್ಯಾಡ. ಕೊಡಾ ತಗೊಂಡ ನನ್ನ ಮನಿಗೆ ಹೋಗು. ನನ್ನ ಟಾಕಿ ನೀರ ಎಲ್ಲಾರೂ ತುಂಬ್ಕೋರಿ."

ನಾನು ಕೂಗಾಡಿದೆ. ವಿದ್ಯಾವಂತ ಎನ್ನುವ ಸಂಕೋಚವೂ ಉಳಿಯಲಿಲ್ಲ. "ನಿಮ್ಮ ಮನಿ, ನಿಮ್ಮ ಬಾಗಲಾ. ನೀವ ತಗೀಲಿಕ್ಕೆ ಯಾರನ್ನ ಕೇಳಬೇಕ್ರಿ?"

ಅವರು ಆಗಲೇ ನನ್ನ ವಹಿಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ತಲೆ ಎತ್ತದೆ ಹೇಳಿದರು, "ಗ್ವಾಡಿ ನನ್ನವು ಮಾಸ್ತರ. ಒಳಗಿನ ಜಾಗಾ ಆಕೀದು. ನಾಳೆ ನೀವ ಊರಿಗೆ ಹೋದಾಗ ನಿಮ್ಮ ಬಾಗಲಾ ಮುರದ್ರ ನಡೀತೈತೇನು?"

ಈ ಮಾತು ಮಾತ್ರ ಅಕ್ಷರಶಃ ನೆನಪಿದೆ ಎಂದು ಅನಿಸುತ್ತದೆ. ಅನಿಸುವುದೇ ಮೋಸವಿರಬಹುದು.

ಎಷ್ಟು ಹೊತ್ತಾಯಿತೋ, ನನಗೆ ಅರ್ಧ ದಿನದಂತೆ ಕಂಡಿತು. ಕಂಡಕ್ಟರು ಈಗಲೂ "ಒಂದ ತಾಸ ಸೈತ ಆಗಿರಲಿಲ್ಲ ಬಿಡ್ರಿ" ಎನ್ನುತ್ತಾರೆ. ಅಂತೂ ನರ್ಸಬಾಯಿಯ ಫೋನ್ ಬಂತು. "ಅಯ್ಯೋ ಆಯೀ, ಒಡೀರಿ, ಒಡೀರಿ!" ಎಂದರು. ಆಯಿ ಆಗಲೂ ಅವಸರ ಮಾಡಲಿಲ್ಲ. "ಹಂಗಲ್ಲವ್ವಾ. ನೀ ನೋಡ್ಕೋತ ಇರು, ನಾ ಒಳಗ ಹೋಗ್ತೇನಿ" ಎಂದು ವಿಡಿಯೋ ಕಾಲ್ ಮಾಡಿಸಿ, ಫೋನನ್ನು ನನ್ನ ಕೈಗೆ ಕೊಟ್ಟರು. ಕಂಡಕ್ಟರು ಕೀಲಿ ಒಡೆದರು. ಆಯಿ ಸೀರೆ ಎತ್ತಿಕಟ್ಟಿ, ಕಣ್ಣನ್ನು ನೀರಿನ ಮೇಲಷ್ಟೇ ಇಟ್ಟು ಬಚ್ಚಲಿಗೆ ಹೋದರು. ಬಟ್ಟೆ ತೆಗೆದರು, ನಳ ನಿಲ್ಲಿಸಿದರು, ಹಾಗೇ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ.

ನಾನು ನೋಡಿದೆ. ಫೋನ್ ಹಿಡಿದು ಹೊಸ್ತಿಲಲ್ಲಿ ನಿಂತವನು, ಒಬ್ಬ ಹೆಣ್ಣುಮಗಳು ಯಾರಿಗೂ ತೋರಿಸಲು ಇಷ್ಟಪಡದ್ದನ್ನು ನೋಡಿದೆ. ತಪ್ಪಿನದಲ್ಲ, ನಾಚಿಕೆಯದೂ ಅಲ್ಲ, ಬರೀ ಅವರದು. ಅಂದು ಸಂಜೆ ಅದನ್ನು ಹೊಸ ವಹಿಯಲ್ಲಿ ಬರೆದೆ. ಮಾರನೇ ದಿನ ಆ ಪುಟ ಹರಿದೆ. ಇಲ್ಲಿಯೂ ಬರೆಯುವುದಿಲ್ಲ.

ಹೊಸ ಕೀಲಿ ಬಂತು. ಅದರ ಎರಡೂ ಕೀಲಿಕೈಗಳನ್ನು ಆಯಿ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಮುಂದಿಟ್ಟರು. ನರ್ಸಬಾಯಿ ಬಂದು ಬಿಚ್ಚುವ ತನಕ ಆ ಗಂಟು ಹಾಗೇ ಇತ್ತು.

ನನ್ನ ವಹಿಗಳು? ಆಯಿ ಅವುಗಳನ್ನು ತಮ್ಮ ಪಡಸಾಲೆಯಲ್ಲಿ ಹರಡಿ, ಹಾಳೆಗೆ ಹಾಳೆ ಅಂಟದಂತೆ ನಾಲ್ಕು ದಿನ ಬಿಡಿಸಿದರು. ನಾನು ಮುಟ್ಟಿದರೆ ಹರಿಯುತ್ತಿದ್ದ ಹಾಳೆ ಅವರ ಬೆರಳಿಗೆ ಬಗ್ಗುತ್ತಿತ್ತು. "ತಂಬಾಕಿನ ಎಲಿ ಇದಕ್ಕಿಂತ ನಾಜೂಕ ಇರತೈತ್ರಿ" ಎಂದರು. ಅವರಿಗೆ ಓದಲು ಬರುತ್ತಿರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದ ಸಂಶೋಧನೆ ಉಳಿಯಿತು, ಶಾಯಿಯ ಡೈರಿ ಹೋಯಿತು. ನನಗೆ ಪದವಿ ಸಿಕ್ಕಿದ್ದು ಆ ಬೆರಳುಗಳಿಂದ.

ಮುಂದೆ ನನಗೆ ಅಥಣಿಗೆ ವರ್ಗವಾಯಿತು. ಅಲ್ಲೇ ಮನೆ ಕಟ್ಟಿಸಿ, ಮೇಲೆ ಬಾಡಿಗೆಗೆಂದು ಎರಡು ಖೋಲಿ ತೆಗೆದೆ. ಬಾಡಿಗೆಯ ವಿಷಯಕ್ಕೆ ಏನೇ ಅನುಮಾನ ಬಂದರೂ ಆಯಿಗೆ ಫೋನ್ ಮಾಡಿ ಕೇಳುತ್ತಿದ್ದೆ. ಅವರ ಉತ್ತರಗಳು ಯಾವ ವಕೀಲರ ಹತ್ತಿರವೂ ಸಿಗುವಂಥವಲ್ಲ. "ಕರಾರ ಬರಕೋರಿ. ಆದ್ರ ಅವರಿಗೆ ತಿಳಿಯೂ ಭಾಷಾದಾಗ ಓದಿಸಿ ಆಮ್ಯಾಲೆ ಸಹಿ ತಗೋರಿ." "ಏನರ ಕೆಟ್ಟೈತಿ ಅಂದ್ರ ಅವತ್ತ ಹೋಗಿ ನೋಡ್ರಿ. ಮಾಡಿಸಾಕ ಎಂಟ ದಿವಸ ಹತ್ತಲಿ, ನೋಡಾಕ ತಡಾ ಮಾಡಬ್ಯಾಡ್ರಿ." "ಊಟದ ಹೊತ್ತನ್ಯಾಗ ಬಾಗಲಾ ಬಡೀಬ್ಯಾಡ್ರಿ."

ಒಂದು ಸಲ ಕೇಳಿದರು, "ಕೀಲಿಕೈ ಎರಡೂ ಕೊಟ್ರಿಲ್ಲ?"

"ಕೊಟ್ಟೆ ಆಯೀ."

ಕೊಟ್ಟಿರಲಿಲ್ಲ. ಒಂದು ನನ್ನ ಕಪಾಟಿನಲ್ಲಿತ್ತು. ಹೊತ್ತಿಗೆ ಬೇಕಾದೀತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಮೇಲಿನ ಖೋಲಿಯಲ್ಲಿ ಹೊಲಿಗೆ ಮಾಡುವ ಹೆಣ್ಣುಮಗಳಿದ್ದಾಳೆ. ಆಕೆ ಊರಿಗೆ ಹೋದಾಗ ಒಮ್ಮೆ, ಫ್ಯಾನ್ ತಿರುಗುತ್ತಿದೆ ಎಂಬ ನೆಪದಲ್ಲಿ, ಬಾಗಿಲು ತೆರೆದು ಒಳಗೆ ಹೋಗಿದ್ದೆ. ಫ್ಯಾನ್ ನಿಜವಾಗಿ ತಿರುಗುತ್ತಿತ್ತೇ? ನೆನಪಿಲ್ಲ ಎಂದು ಬರೆಯುವುದು ನನಗೆ ಬಹಳ ಅನುಕೂಲ.

ಕಳೆದ ಚಳಿಗಾಲದಲ್ಲಿ ಕಂಡಕ್ಟರ ಫೋನ್ ಬಂತು. ಒಂದನೇ ಖೋಲಿ ಖಾಲಿಯಾಗಿತ್ತಂತೆ. ಆಯಿ ಅಲ್ಲಿದ್ದ ಐದನೇ ದಿನ, ಮಧ್ಯಾಹ್ನ, ಚಾಪೆಯ ಮೇಲೆ ಮಲಗಿದವರು ಏಳಲಿಲ್ಲ. ನಾನು ಹೋದಾಗ ಗೋಡೆಯ ಮೇಲೆ ಇನ್ನೂ ಮೂರು ಚಾಕ್‌ಪೀಸಿನ ಗುಂಡುಗಳಿದ್ದವು. "ಮೂರೂ ನಾವ ಕೂಡಿ ಮಾಡಿಸ್ತೇವ್ರಿ ಮಾಸ್ತರ, ಆಮ್ಯಾಲೆ ಒರಸ್ತೇವಿ" ಎಂದರು ಕಂಡಕ್ಟರು. ಎರಡು ಕೀಲಿಕೈ ಒಂದೇ ದಾರದಲ್ಲಿ ಮೊಳೆಗೆ ತೂಗುತ್ತಿದ್ದವು, ಮುಂದೆ ಬರುವವರಿಗಾಗಿ.

ಅಥಣಿಗೆ ಮರಳಿದ ಮರುದಿನ ಕಪಾಟು ತೆರೆದು ಆ ಎರಡನೆಯ ಕೀಲಿಕೈ ತೆಗೆದುಕೊಂಡೆ. ಮೆಟ್ಟಿಲು ಹತ್ತಿ, ನಡುಬೆರಳಿನ ಗೆಣ್ಣಿನಿಂದ ಬಾಗಿಲನ್ನು ಎರಡು ಸಲ ಬಡಿದೆ. ಎರಡು ಹೆಜ್ಜೆ ಹಿಂದೆ ಸರಿದು, ಬೆನ್ನು ಮಾಡಿ, ರಸ್ತೆ ನೋಡುತ್ತ ನಿಂತೆ. ಹೊಲಿಗೆ ಯಂತ್ರದ ಸಪ್ಪಳ ನಿಂತಿತು. ಕೀಲಿಕೈ ಕೊಟ್ಟರಷ್ಟೇ ಸಾಲದು, ಒಳಗೆ ಹೋಗಿದ್ದನ್ನೂ ಹೇಳಬೇಕಿತ್ತು. ಚಿಲಕ ತೆಗೆದ ಸದ್ದಾದ ಮೇಲೆಯೇ ತಿರುಗಿದೆ.