ಕೆಂಪಕ್ಕನ ಹಾಡು, ಕೆಂಚೇಶನ ಪೆಟ್ಟಿಗೆ

ಕೆಂಚೇಶ್ ಹೇಡಿ. ಕುಡುಕನಲ್ಲ, ಸುಳ್ಳನಲ್ಲ, ಯಾರ ಮನೆಯನ್ನೂ ಹಾಳು ಮಾಡಿದವನಲ್ಲ, ಹೇಡಿ. ಎಲ್ಲಾದರೂ ತಪ್ಪಾದೀತು ಎಂಬ ಗುಮಾನಿ ಬಂದರೆ ಸಾಕು, ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಗೆ ಕೈ ಹಾಕದೆ ಇರುವುದಕ್ಕೆ ಜಾಗ್ರತೆ ಎಂದು ಹೆಸರಿಟ್ಟುಕೊಂಡಿದ್ದಾನೆ. ಜಗಳೂರಿನಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸದಿಂದ ನಿವೃತ್ತಳಾಗಿ ಇಲ್ಲಿ ನೆಲೆಸಿದಾಗಿನಿಂದ ಆ ಗೋಡೆಯ ಆಚೆ ನಡೆಯುವುದನ್ನೆಲ್ಲ ಬೇಡವೆಂದರೂ ಕೇಳಿಸಿಕೊಂಡಿದ್ದೇನೆ. ಆದ್ದರಿಂದ ತಿಳಿದೇ ಹೇಳುತ್ತಿದ್ದೇನೆ.

ಅವನ ಕಸುಬು ಮದುವೆಗಳ ವಿಡಿಯೋ ತೆಗೆಯುವುದು. ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ಸ್ಟುಡಿಯೋ ಇದೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯವರೂ ಅವನನ್ನೇ ಕರೆಸುತ್ತಾರೆ. ಎರಡು ಕ್ಯಾಮೆರಾ ನಿಲ್ಲಿಸಿ ಮೂರನೆಯದನ್ನು ಚೀಲದಲ್ಲಿಟ್ಟುಕೊಂಡಿರುವ ಮನುಷ್ಯ. ತಾಳಿ ಕಟ್ಟುವ ಗಳಿಗೆ ತಪ್ಪಿಹೋಯಿತು ಎಂಬ ದೂರು ಅವನ ಮೇಲೆ ಬಂದಿಲ್ಲ. ಆದರೆ ಯಾರಾದರೂ ಈ ಸಲ ಬೇರೆ ಥರ ಮಾಡು ಎಂದರೆ ಒಲ್ಲೆ. ಡ್ರೋನ್ ತಂದವನು ಅದನ್ನು ಹಾರಿಸಲಿಲ್ಲ, ಯಾರದಾದರೂ ತಲೆಯ ಮೇಲೆ ಬಿದ್ದೀತು ಎಂದು. ಹೆಂಡತಿ ಸುಧಾಳಿಗೆ ಸ್ಕೂಟರ್ ಕಲಿಸಲು ಶುರು ಮಾಡಿ ವರ್ಷಗಳಾದವು. ಇವತ್ತಿಗೂ ಅವಳು ಸ್ಟ್ಯಾಂಡ್ ಹಾಕಿದ ಸ್ಕೂಟರಿನ ಮೇಲೆ ಕೂತು ಬ್ರೇಕ್ ಹಿಡಿಯುವುದನ್ನೇ ಕಲಿಯುತ್ತಿದ್ದಾಳೆ. "ನಮ್ಮನೆ ಸ್ಕೂಟರು ದೇವರಿದ್ದಂಗೆ ಮೇಡಂ, ಕೂತಲ್ಲೇ ಪೂಜೆ" ಎನ್ನುತ್ತಾಳೆ.

ಅವನ ಅಕ್ಕ ಕೆಂಪಕ್ಕ ಅವರ ಜೊತೆಯಲ್ಲೇ ಇದ್ದಾಳೆ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವಳು. ಸೋಬಾನೆ ಹಾಡುವುದರಲ್ಲಿ ಈ ಸೀಮೆಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಸೋಬಾನೆ ಒಬ್ಬರ ಹಾಡಲ್ಲ. ಮುಂದಾಳು ಒಂದು ಸಾಲು ಎತ್ತಿಕೊಡಬೇಕು, ಉಳಿದ ಹೆಂಗಸರು ಅದನ್ನು ತಿರುಗಿ ಹೇಳಬೇಕು. ಎತ್ತಿಕೊಡುವವಳು ಯಾವಾಗಲೂ ಕೆಂಪಕ್ಕ. ತಮ್ಮ ವಿಡಿಯೋ ತೆಗೆದ ಎಷ್ಟೋ ಮದುವೆಗಳಲ್ಲಿ ಅಕ್ಕನೇ ಹಾಡಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಅದಕ್ಕಿಂತ ಮೊದಲು ಮಾತು ಹೋಯಿತು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಲು ಹೋದರೆ ಬಾಯಿ ಬರೀ ಗಾಳಿ ಬಿಡುತ್ತಿತ್ತು. ದಾವಣಗೆರೆಯಲ್ಲಿ ಮಾತಿನ ಚಿಕಿತ್ಸೆ ಕೊಡುವ ಡಾಕ್ಟರು ಒಂದು ಮಾತು ಹೇಳಿದರು: ಮಾತಾಡಲಾಗದ ಎಷ್ಟೋ ಜನಕ್ಕೆ ಹಾಡಲು ಬರುತ್ತದೆ, ಗೊತ್ತಿದ್ದ ಹಾಡುಗಳನ್ನೇ ದಿನವೂ ಹಾಡಿಸಿ, ಹಾಡಿನ ಹಿಂದೆ ಮಾತು ಬಂದರೂ ಬಂದೀತು. ನಾನು ಇಂಥ ಆಶ್ವಾಸನೆಗಳನ್ನು ಸುಲಭವಾಗಿ ನಂಬುವವಳಲ್ಲ. ಆದರೆ ಇದು ನಿಜವಾಯಿತು.

ನಿಜವಾಗಿಸಿದ್ದು ಪುಸ್ತಕದ ಗಾತ್ರದ ಒಂದು ಕಪ್ಪು ಪ್ಲೇಯರ್. ಅದನ್ನು ತಯಾರಿಸಿದ ಕಂಪನಿ ಮಾರುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಪೆನ್‌ಡ್ರೈವ್ ಚುಚ್ಚುವ ಜಾಗ ಮುರಿದುಹೋಗಿತ್ತು. ಆದರೂ ಕೆಂಚೇಶ್ ತೆಗೆದ ವಿಡಿಯೋಗಳೆಲ್ಲ ತುಂಬಿದ್ದ, ಮನೆಯ ಮೂಲೆಯ ಸ್ಟೋರೇಜ್ ಪೆಟ್ಟಿಗೆಗೆ ರೂಟರ್ ಮೂಲಕ ವೈರ್ ಎಳೆದಿದ್ದರಿಂದ, ಕೆಂಪಕ್ಕ ಹಾಡಿದ ಮದುವೆಗಳನ್ನು ಅದು ಟಿವಿಯಲ್ಲಿ ತೋರಿಸುತ್ತಿತ್ತು. ರಿಮೋಟಿನಲ್ಲಿ ದೊಡ್ಡ ಗುಂಡಿಗಳು. ಎಡಗೈಯ ಹೆಬ್ಬೆರಳಲ್ಲಿ ಒಂದನ್ನು ಒತ್ತಿದರೆ ನಿನ್ನೆ ನಿಲ್ಲಿಸಿದಲ್ಲಿಂದ ಹಾಡು ಮುಂದುವರಿಯುತ್ತಿತ್ತು. ಹೊಸ ಟಿವಿಯ ರಿಮೋಟನ್ನು ಕೆಂಪಕ್ಕ ಒಮ್ಮೆ ಹಿಡಿದಳು. ಅದು ಜಾಹೀರಾತು ತೋರಿಸಿತು, ಮೈಕಿನಲ್ಲಿ ಮಾತಾಡಿ ಎಂದಿತು. ಮಾತಿಲ್ಲದವಳಿಗೆ. ಅವಳು ಅದನ್ನು ಮತ್ತೆ ಮುಟ್ಟಲಿಲ್ಲ.

ಹಳೆಯ ಪ್ಲೇಯರಿನ ಜೊತೆ ಅವಳು ಮೊದಲು ಗುನುಗಿದಳು, ಆಮೇಲೆ ಸಾಲಿನ ಕೊನೆಯ ಪದ ಹಿಡಿದಳು, ಆಮೇಲೆ ಇಡೀ ಸಾಲು. ಒಂದು ಬೆಳಗ್ಗೆ ಗೋಡೆಯ ಆಚೆಯಿಂದ "ಸುಧಾ, ನೀರು" ಎಂಬುದು ಸ್ಪಷ್ಟವಾಗಿ ಕೇಳಿಸಿತು. ಬೇಸಿಗೆ ಬರುವ ಹೊತ್ತಿಗೆ ಹಾಲಿನ ಕಾಟಮ್ಮನ ಜೊತೆ ಹಾಲು ತೆಳ್ಳಗಿದೆ ಎಂದು ಜಗಳವಾಡುವಷ್ಟು ಮಾತು ಬಂದಿತ್ತು.

ಆಗ ಕೆಂಚೇಶ್ ನ್ಯಾಮತಿಯ ಒಂದು ಮದುವೆ ಒಪ್ಪಿಕೊಂಡಿದ್ದ. ಪತ್ರಿಕೆ ಕಳಿಸುತ್ತೇವೆ ಎಂದಿದ್ದರು. ಅದೇ ವಾರ ಅವನ ಕಂಪ್ಯೂಟರಿಗೆ ಮದುವೆಯ ಆಮಂತ್ರಣ ಎಂಬ ಹೆಸರಿನ ಫೈಲೊಂದು ಬಂತು. ಬೇರೆಯವರಾದರೆ ಗುರುತಿಲ್ಲದವರದು ಎಂದು ಬಿಟ್ಟುಬಿಡುತ್ತಿದ್ದರೇನೋ. ವಿಡಿಯೋದವನಿಗೆ ಬರುವುದೆಲ್ಲ ಗುರುತಿಲ್ಲದವರ ಮದುವೆ ಪತ್ರಿಕೆಯೇ. ಹೆಣ್ಣು ಗಂಡಿನ ಹೆಸರನ್ನು ಪರದೆಯ ಮೇಲೆ ಸರಿಯಾಗಿ ಬರೆಯಬೇಕು, ಮುಹೂರ್ತ ತಿಳಿಯಬೇಕು. ತೆರೆದ. ಮೂರು ಕ್ಯಾಮೆರಾ ಇಟ್ಟುಕೊಳ್ಳುವ ಮನುಷ್ಯ ಅಲ್ಲಿ ಎಡವಿದ. ವೈರಸ್ ಕಂಪ್ಯೂಟರಿನಿಂದ ಸ್ಟೋರೇಜ್ ಪೆಟ್ಟಿಗೆಗೆ ದಾಟಿ ಒಂದೊಂದೇ ಫೈಲಿಗೆ ಬೀಗ ಹಾಕಿತು. ಆ ಋತುವಿನ ಮದುವೆಗಳೆಲ್ಲ ಹೋದವು. ಹೊನ್ನಾಳಿಗೆ, ಚನ್ನಗಿರಿಗೆ ಅವನೇ ಹೋಗಿ, ನಿಮ್ಮ ಮದುವೆ ನನ್ನ ಕೈಯಲ್ಲಿ ಹಾಳಾಯಿತು ಎಂದು ಹೇಳಿ ಬೈಸಿಕೊಂಡು ಬಂದ. ಹಳೆಯ ಮದುವೆಗಳು ಮಾತ್ರ ಉಳಿದವು. ಅವುಗಳ ಒಂದು ಪ್ರತಿಯನ್ನು ಡಿಸ್ಕಿಗೆ ಹಾಕಿ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದ. ಈಗ ಅದೊಂದೇ ಪ್ರತಿ.

ಹೊಸ ಸ್ಟೋರೇಜ್ ಪೆಟ್ಟಿಗೆ ಬಂತು, ಆಮೇಲೆ ತೆಗೆದ ಮದುವೆಗಳು ಅದರಲ್ಲಿ ತುಂಬತೊಡಗಿದವು. ಹಳೆಯ ಪ್ಲೇಯರಿಗೆ ಅದು ಕಾಣಿಸಲೇ ಇಲ್ಲ. ಪ್ಲೇಯರಿಗೆ ಗೊತ್ತಿದ್ದದ್ದು ಫೈಲು ಕೇಳಿ ಪಡೆಯುವ ಹಳೆಯ ಪದ್ಧತಿಯೊಂದೇ, ಅದು ಅಗಳಿಯಿಲ್ಲದ ಬಾಗಿಲಿನಂಥದು. ವೈರಸ್ ನುಗ್ಗಿದ್ದು ಅದೇ ಬಾಗಿಲಿನಲ್ಲಿ ಎಂದು ದಾವಣಗೆರೆಯ ರಿಪೇರಿಯವನು ಹೇಳಿದ್ದ. ಹೊಸ ಪೆಟ್ಟಿಗೆಯಲ್ಲಿ ಆ ಬಾಗಿಲು ಮುಚ್ಚಿಯೇ ಬರುತ್ತದೆ. ಪ್ಲೇಯರಿಗೆ ಹೊಸ ಪದ್ಧತಿ ಕಲಿಸೋಣವೆಂದರೆ ಅದನ್ನು ಮಾಡಿದವರು ಅದರ ಕೈಬಿಟ್ಟು ಎಷ್ಟೋ ಕಾಲವಾಗಿದೆ. ಕೆಂಪಕ್ಕ ಗುಂಡಿ ಒತ್ತುತ್ತಿದ್ದಳು, ಪರದೆಯ ಮೇಲೆ ಖಾಲಿ ಚೌಕ ಬರುತ್ತಿತ್ತು.

ಹಾಡು ನಿಂತದ್ದು ಗೋಡೆಯ ಈಚೆ ನನಗೆ ಗೊತ್ತಾಯಿತು. ಕೆಲವು ದಿನ ಕಾದೆ. ಆಮೇಲೆ ಮಾತೂ ಕಡಿಮೆಯಾಯಿತು. ಕಾಟಮ್ಮ ಹಾಲು ಕೊಟ್ಟು ಜಗಳವಿಲ್ಲದೆ ಹೋಗುತ್ತಿದ್ದಳು. ನಾನು ಎದ್ದು ಅವರ ಮನೆಗೆ ಹೋದೆ.

ಕೆಂಚೇಶ್ ಕಂಪ್ಯೂಟರಿನಲ್ಲಿ ಹೊಸ ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆಗೆದು ತೋರಿಸಿದ. ಹಳೆಯ ಬಾಗಿಲು ತೆರೆಯಲು ಅಲ್ಲೊಂದು ಗುಂಡಿ ಇತ್ತು, ಪಕ್ಕದಲ್ಲಿ ಕೆಂಪಕ್ಷರದ ಎಚ್ಚರಿಕೆ.

"ಒತ್ತು" ಎಂದೆ.

"ಒತ್ತಾಕೆ ಆಗಲ್ಲ ಮೇಡಂ. ಜನರ ಮದುವೆ ಅದರಾಗೈತೆ."

"ನಿಮ್ಮಕ್ಕನ ಮಾತು ಬರಬೇಕಾದ್ದೂ ಆ ಬಾಗಿಲಿನಿಂದಲೇ."

ಅವನು ಕೇಬಲ್ಲುಗಳನ್ನು ಸುತ್ತಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತ ಕೂತ. ಅವನ ಮಾತು ಸರಿಯಾಗಿಯೇ ಇತ್ತು, ಅದೇ ನನ್ನ ಸಿಟ್ಟನ್ನು ಹೆಚ್ಚಿಸಿತು. ಆದರೆ ಸರಿಯಾದ ಮಾತು ಹೇಳಿ ಕೂತವನು ಅದರ ಮುಂದೆ ಏನು ಎಂದು ಯೋಚಿಸಬೇಕು. ಇವನು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ.

ನನ್ನ ಒತ್ತಾಯಕ್ಕೆ ಅವನು ಒಂದು ಉಪಾಯ ಮಾಡಿದ. ಸ್ಟುಡಿಯೋದಲ್ಲಿ ಉಳಿದಿದ್ದ ಹಳೆಯ ಮದುವೆ ಸಿಡಿಗಳನ್ನು, ಅಲ್ಲಿಯ ಸಿಡಿ ಪ್ಲೇಯರಿನ ಸಮೇತ ತಂದು ಹಾಕಿದ. ಪರದೆಯ ಮೇಲೆ ಅರಿಶಿಣ ಹಚ್ಚುವ ಶಾಸ್ತ್ರ, ನಡುವೆ ಕೆಂಪಕ್ಕ ಬಾಯಿ ತೆರೆದು ಹಾಡುತ್ತಿದ್ದಾಳೆ. ಕೇಳಿಸುತ್ತಿರುವುದು ಮಾತ್ರ ಸಿನಿಮಾ ಹಾಡು. ಮದುವೆ ವಿಡಿಯೋದವರ ರೂಢಿ ಇದು: ಮಂಟಪದ ಗದ್ದಲ, ಜನರೇಟರ್ ಸದ್ದು ಎಲ್ಲವನ್ನೂ ಅಳಿಸಿ ಮೇಲೆ ಸಿನಿಮಾ ಹಾಡು ಕೂರಿಸುತ್ತಾರೆ. ಗದ್ದಲದ ಜೊತೆ ಅಕ್ಕನ ದನಿಯನ್ನೂ ಎಷ್ಟೋ ವರ್ಷ ಇವನೇ ಅಳಿಸುತ್ತ ಬಂದಿದ್ದ. ಅಳಿಸುವ ಮುಂಚಿನ ಚಿತ್ರಗಳು, ಅವಳ ನಿಜವಾದ ದನಿ ಇರುವಂಥವು, ಬೀರುವಿನ ಡಿಸ್ಕಿನಲ್ಲಿ ಮಾತ್ರ ಇದ್ದವು.

ಕೆಂಪಕ್ಕ ತನ್ನ ಬಾಯಿಂದ ಯಾರದೋ ದನಿ ಬರುವುದನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ದಿನದಿಂದ ನೀರನ್ನೂ ಕೈಸನ್ನೆಯಲ್ಲೇ ಕೇಳತೊಡಗಿದಳು.

ಬೀರುವಿನ ಡಿಸ್ಕನ್ನು ಹೊರಗೆ ತೆಗೆ ಎಂದೆ. ಅದಿರೋದು ಒಂದೇ ಎಂದ. ಇನ್ನೊಂದು ಪ್ರತಿ ಮಾಡಿಕೋ ಎಂದೆ. ಮಾಡುವಾಗ ಕೆಟ್ಟರೆ ಎಂದ. ಹೀಗೆ ಎಷ್ಟು ಸಲವಾಯಿತೋ. ನಾನು ಹೋದಾಗಲೆಲ್ಲ ಅವನು ಅದೇ ಮಾತು ಹೇಳುತ್ತಿದ್ದ, ಹೊಸ ಕಾರಣವನ್ನು ಹುಡುಕುವ ಶ್ರಮವನ್ನೂ ತೆಗೆದುಕೊಳ್ಳದೆ. ಒಂದು ಮಧ್ಯಾಹ್ನ ನಮ್ಮ ಈ ವಾದ ಕೇಳಿ ಕೇಳಿ ಸುಧಾಳಿಗೆ ರೋಸಿಹೋಯಿತು. ಅವಳ ತವರಿನಲ್ಲಿ ಕುರಿ ಸಾಕುತ್ತಾರೆ.

"ನಮ್ಮಪ್ಪ ಸಂತೆಯಿಂದ ಕುರಿ ತಂದ್ರೆ ನೆಟ್ಟಗೆ ಹಟ್ಟಿಗೆ ಬಿಡಾಕಿಲ್ರಿ" ಎಂದಳು ಗಂಡನಿಗೆ. "ಬ್ಯಾರೆ ಕಟ್ತಾನೆ. ರೋಗ ಐತಿ ಅಂತ ಕುರಿ ತರೋದೇ ಬಿಟ್ಟಿದ್ರೆ ನಮ್ಮ ಹಟ್ಟಿಯಾಗೆ ಕುರಿ ಅಂತ ನೀವೊಬ್ರೇ ಇರ್ತಿದ್ರಿ."

ಕೆಂಚೇಶ್ ಹೆಂಡತಿಯನ್ನೇ ನೋಡಿದ. ಬೇರೆ ಕಟ್ಟುವುದು ಎಂದರೆ ಏನು ಎಂದು ನಾನು ಬಿಡಿಸಿ ಹೇಳಿದೆ, ಇಲ್ಲವಾದರೆ ಅದನ್ನೂ ನಾಳೆಗೆ ಹಾಕುತ್ತಿದ್ದ. ಹಳೆಯ ಪ್ಲೇಯರಿಗೆ ಹಳೆಯದೇ ಒಂದು ರೂಟರ್. ಅದಕ್ಕೆ ಇಂಟರ್ನೆಟ್ಟಿನ ವೈರ್ ಇರಕೂಡದು, ಮನೆಯ ಕಂಪ್ಯೂಟರ್ ಆಗಲಿ ಫೋನ್ ಆಗಲಿ ಅದನ್ನು ಮುಟ್ಟಕೂಡದು. ಖಾಲಿಯಾಗಿ ಬಿದ್ದಿರುವ ಹಳೆಯ ಸ್ಟೋರೇಜ್ ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕಿ, ಅದರಲ್ಲಿ ಅಕ್ಕನ ಹಾಡುಗಳ ಪ್ರತಿ ಮಾತ್ರ ಇಡಬೇಕು; ಪ್ಲೇಯರ್ ಅವನ್ನು ಓದಬಹುದು, ಬರೆಯುವಂತಿಲ್ಲ, ಅಳಿಸುವಂತಿಲ್ಲ. ಜನರ ಮದುವೆಗಳು ಹೊಸ ಪೆಟ್ಟಿಗೆಯಲ್ಲಿ ಬಾಗಿಲು ಮುಚ್ಚಿಕೊಂಡೇ ಇರಲಿ. ಬೀರುವಿನ ಡಿಸ್ಕ್ ಪ್ರತಿಯಾದ ಕೂಡಲೇ ಬೀರುವಿಗೆ ವಾಪಸ್ಸು. ಏನೇ ಕೆಟ್ಟರೂ ಕೆಡುವುದು ಪ್ರತಿ.

ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಶುರುವಾಯಿತು ಅವನ ಪರೀಕ್ಷೆ. ಡಿಸ್ಕ್ ತರಲು ದಾವಣಗೆರೆಗೆ ಹೋಗಿ, ಅಂಗಡಿಯವನ ಮಾತು ನಂಬದೆ ಬರಿಗೈಯಲ್ಲಿ ಬಂದ. ಮತ್ತೆ ಹೋಗಿ ತಂದ. ಪ್ರತಿ ಮಾಡಿದ, ಸರಿಯಾಗಿದೆಯೋ ಎಂದು ಒಂದೊಂದನ್ನೂ ಹಾಕಿ ನೋಡಿದ, ಪೂರ್ತಿ ನೋಡಿದ, ಮದುವೆಗೆ ಮದುವೆಯೇ ಸ್ಟುಡಿಯೋದಲ್ಲಿ ಕುಳಿತು ನೋಡಿದ. ಗೋಡೆಯ ಆಚೆ ಕೆಂಪಕ್ಕ ಸುಮ್ಮನಿದ್ದಳು. ಡಾಕ್ಟರು ಅಭ್ಯಾಸ ಬಿಡಬೇಡಿ, ಬಿಟ್ಟರೆ ಬಂದದ್ದೂ ಹೋಗುತ್ತದೆ ಎಂದದ್ದನ್ನು ನಾನು ಅವನಿಗೆ ನೆನಪಿಸಿದೆ. "ಆಗ್ತಾ ಐತೆ ಮೇಡಂ" ಎಂದ. ನನಗೆ ಆ ಮಾತಿನ ಮೇಲೆ ಹೇಸಿಗೆ ಬಂದುಬಿಟ್ಟಿತ್ತು.

ಕೊನೆಗೆ ಒಂದು ಬೆಳಗ್ಗೆ ಸುಧಾ ಕರೆಯಲು ಬಂದಳು. ಹೋದೆ. ಟಿವಿಯ ಕೆಳಗೆ ಹಳೆಯ ಪ್ಲೇಯರ್, ಹಳೆಯ ರೂಟರ್, ಹಳೆಯ ಪೆಟ್ಟಿಗೆ ಮೂರೂ ಒಂದೇ ಹಲಗೆಯ ಮೇಲೆ. ಮನೆಯ ಬೇರೆ ಯಾವುದಕ್ಕೂ ಅವುಗಳಿಂದ ವೈರ್ ಹೋಗಿರಲಿಲ್ಲ. ಕೆಂಪಕ್ಕನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೆಂಚೇಶ್ ಅವಳ ಎಡಗೈಗೆ ರಿಮೋಟ್ ಕೊಟ್ಟ. ಅವಳು ಹಿಡಿದಳು, ಒತ್ತಲಿಲ್ಲ. ಅವನೇ ಒತ್ತಿದ.

ಅರಿಶಿಣದ ಹಾಡು. ಹಿಂದೆ ಜನರೇಟರ್ ಗುಡುಗುತ್ತಿದೆ, ಪಾತ್ರೆ ಬಿದ್ದ ಸದ್ದು, ಮಗುವಿನ ಅಳು, ಅದೆಲ್ಲದರ ಮೇಲೆ ಕೆಂಪಕ್ಕನ ದನಿ. ಪರದೆಯಲ್ಲಿ ಅವಳು ಸಾಲು ಎತ್ತಿಕೊಟ್ಟಳು, ಹೆಂಗಸರು ತಿರುಗಿ ಹೇಳಿದರು. ನಾವೆಲ್ಲ ನೋಡಿದ್ದು ಗೋಡೆಗೆ ಒರಗಿದವಳ ತುಟಿಯನ್ನು. ಅದು ಅಲುಗಲಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅವಳು ಬೇರೆ ಯಾರನ್ನೋ ನೋಡುವಂತೆ ತನ್ನನ್ನು ನೋಡುತ್ತಿದ್ದಳು.

ಕೆಂಚೇಶ್ ಎದ್ದು ವೈರುಗಳನ್ನು ಮುಟ್ಟಿ ನೋಡಿದ. ಸೌಂಡ್ ಜಾಸ್ತಿ ಮಾಡಿದ. "ವೈರು ಸರಿ ಐತೆ, ಬಿಡ್ರಿ" ಎಂದಳು ಸುಧಾ. ನೀನು ತಡ ಮಾಡಿದೆ ಎಂದು ನಾನು ಹೇಳಬಹುದಿತ್ತು. ಅದು ಅವನಿಗೆ ಗೊತ್ತಿತ್ತು. ಬಾಗಿಲಿನಲ್ಲಿ ಹಾಲಿನ ಕ್ಯಾನ್ ಹಿಡಿದು ಕಾಟಮ್ಮ ನಿಂತಿದ್ದಳು.

ಅವನು ಅಕ್ಕನ ಎದುರು ನೆಲದ ಮೇಲೆ ಕೂತ. ಹಾಡನ್ನು ಮೊದಲಿಗೆ ತಂದ. ಪರದೆಯ ಕೆಂಪಕ್ಕ ಒಂದು ಸಾಲು ಎತ್ತಿಕೊಟ್ಟಳು. ಹೆಂಗಸರು ಅದನ್ನು ತಿರುಗಿ ಹೇಳುವ ಮೊದಲೇ ಅವನು ನಿಲ್ಲಿಸಿದ.

ಆಮೇಲೆ ಅವನು ಹಾಡಿದ.

ಹೆಂಗಸರ ಹಾಡು, ಗಂಡಸಿನ ಒಡೆದ ದನಿ. ಶ್ರುತಿ ಎಲ್ಲಿಯೋ ಹೋಯಿತು, ನಡುವೆ ಒಂದು ಪದವೂ ಅದಲು ಬದಲಾಯಿತು. ಕಾಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ನಕ್ಕದ್ದು ಎಲ್ಲರಿಗೂ ಕೇಳಿಸಿತು, ಅವನಿಗೂ. ಅವನು ತಿರುಗಿ ನೋಡಲಿಲ್ಲ. ಗುಂಡಿ ಒತ್ತಿ ಅಕ್ಕನ ಸಾಲನ್ನು ಮತ್ತೆ ಕೇಳಿಸಿದ, ನಿಲ್ಲಿಸಿದ, ಅದೇ ಸಾಲನ್ನು ಅಷ್ಟೇ ಕೆಟ್ಟದಾಗಿ ಇನ್ನೊಮ್ಮೆ ಹಾಡಿದ.

ಕೆಂಪಕ್ಕನ ಎಡಗೈ ಎದ್ದು ನೆಲಕ್ಕೆ ಬಡಿಯಿತು.

"ತಪ್ಪು" ಎಂದಳು.

"ಹ್ಞೂ ಅಕ್ಕ, ತಪ್ಪು" ಎಂದ ಕೆಂಚೇಶ್. "ನೀನೇ ಎತ್ತಿಕೊಡು." ರಿಮೋಟನ್ನು ಪಕ್ಕಕ್ಕಿಟ್ಟು, ಅದೇ ಸಾಲನ್ನು ಮೊದಲಿಗಿಂತ ಗಟ್ಟಿಯಾಗಿ ಮತ್ತೆ ಶುರು ಮಾಡಿದ.