ಕಣ ಸುತ್ತಿ ಹೋದ ಸುಣ್ಣದ ಗೆರೆ

ಇಂಥ ಕತೆಗಳನ್ನು ಬೇರೆಯವರು ಹೇಳುವಾಗ ಮೀಸೆಯಡಿಯಲ್ಲೇ ನಗುತ್ತಿದ್ದವನು ನಾನು. ಭೂಮಿ ಅಳೆಯುವುದು ನನ್ನ ಕಸುಬು. ಲೆವೆಲ್ ಯಂತ್ರದ ಗುಳ್ಳೆ ನಟ್ಟನಡುವೆ ಬಂದು ನಿಂತರೆ ಮಾತ್ರ ಮುಂದಿನ ಮಾತು ಎನ್ನುವ ಜನ ನಾವು. ದೆವ್ವ, ಗಾಳಿ, ಪವಾಡ ಯಾವುದಕ್ಕೂ ನನ್ನ ಅಳತೆ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಹಾಗಾಗಿ ಈಗ ಹೇಳಹೊರಟಿರುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ತುಮಕೂರಿನಲ್ಲಿ ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಹೆಂಗಸರು ಒಂದು ಸಂಘ ಮಾಡಿಕೊಂಡು, ಗೂಳೂರು ದಾಟಿದ ಮೇಲೆ ಕುಣಿಗಲ್ ರಸ್ತೆಯ ಒಂದು ಹಳ್ಳಿಯ ಪಕ್ಕ ಮನೆ ಕಟ್ಟಲು ಜಮೀನು ಕೊಂಡಿದ್ದರು. ಸಂಘದ ಕಾರ್ಯದರ್ಶಿ ಷಮೀಮ್ ಬಾನು, ನಮಗೆಲ್ಲ ಷಮೀಮಕ್ಕ. ಆರು ವರ್ಷ ಕಚೇರಿ ಅಲೆದು ಅವರ ಚಪ್ಪಲಿ ಸವೆದಿತ್ತು. ಕೊನೆಗೆ ಉಳಿದದ್ದು ಒಂದೇ ತೊಡಕು, ಬಡಾವಣೆಯ ಮಳೆನೀರು ಹೋಗುವ ದಾರಿ. ಕೆರೆ ಸೇರಬೇಕಾದರೆ ಅದು ಹಳ್ಳಿಯ ಗುಂಡುತೋಪನ್ನು ದಾಟಬೇಕು. ತೋಪು ಸರ್ಕಾರದ್ದು, ಆದರೆ ಅನುಭವ ಊರಿನವರದು. ಊರಿನವರು ಒಪ್ಪಿದರೆ ಮಾತ್ರ ತಹಸೀಲ್ದಾರರು ಚರಂಡಿಗೆ ಹಕ್ಕು ಬರೆದುಕೊಡುತ್ತಾರೆ, ಆ ಹಕ್ಕು ಸಿಕ್ಕರೆ ಮಾತ್ರ ಬಡಾವಣೆಗೆ ಮಂಜೂರಾತಿ. ಇಲ್ಲವಾದರೆ ನಲವತ್ತು ಮನೆಗಳ ನಕ್ಷೆ ಬರೀ ಕಾಗದ.

ನಾನು ಗುರುತಿಸಿದ್ದ ದಾರಿ ನೇರವಾಗಿತ್ತು. ತೊಂದರೆಯೆಂದರೆ ಅದು ತೋಪಿನೊಳಗೆ ಊರಿನವರು ರಾಗಿ ಒಕ್ಕುವ ಕಣದ ನಡುಮಧ್ಯೆ ಹಾಯುತ್ತಿತ್ತು. ಪಂಚಾಯ್ತಿ ಮೆಂಬರ್ ಗಂಗಣ್ಣನವರದು ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಅಡಿಕೆ. "ನಮ್ ತಾತನ್ ಕಾಲದ್ ಕಣ ಸಾರ್ ಇದು. ಬಗ್ದು ಮೋರಿ ಮಾಡಾಕೆ ನಾವ್ ಬುಡಾಕಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಕಣವನ್ನು ಸುತ್ತಿಕೊಂಡು ಹೋಗೋಣವೆಂದರೆ ಷಮೀಮಕ್ಕ ಹೊಲಿಗೆ ಕೇಂದ್ರಕ್ಕೆಂದು ಇಟ್ಟುಕೊಂಡಿದ್ದ ಮೂಲೆ ಜಾಗದಲ್ಲಿ ಒಂದು ತುಂಡು ಹೋಗುತ್ತಿತ್ತು. "ಅದೊಂದ್ ಮಾತ್ರ ಕೇಳ್ಬೇಡಿ ಸಾರ್" ಎಂದು ಅವರು ಕೈ ಮುಗಿದಿದ್ದರು. ಜೊತೆಗೆ ತೋಪಿನ ಅಂಚಿನಲ್ಲಿ ಗಂಗಣ್ಣನವರ ತಿಪ್ಪೆ ಅಡ್ಡ ಬರುತ್ತಿತ್ತು. ಜಾಗ ಸರ್ಕಾರದ್ದಾದರೂ ತಿಪ್ಪೆ ಅವರದು, ಕದಲಿಸುವ ಮಾತೆತ್ತಿದರೆ ಸಾಕು, ಕೆರಳುತ್ತಿದ್ದರು. ನಿಜ ಹೇಳಬೇಕೆಂದರೆ ಮೂರನೆಯ ಅಡ್ಡಿಯೂ ಇತ್ತು, ಅದು ನಾನು. ಆ ಕಡೆ ನೆಲ ಉಬ್ಬಿದೆ, ನೀರು ಹರಿಯುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಅಳೆದು ಹೇಳಿದ್ದಲ್ಲ, ಕಣ್ಣಂದಾಜಿನಲ್ಲಿ ಹೇಳಿದ್ದು. ಈಗ ಮಾತು ಬದಲಾಯಿಸಿದರೆ ಮರ್ಯಾದೆ ಹೋಗುತ್ತದೆಂದು ಸುಮ್ಮನಿದ್ದೆ.

ತಹಸೀಲ್ದಾರರಿಗೆ ವರ್ಗವಾಗಿತ್ತು. ಹೋಗುವ ಮೊದಲು ಒಮ್ಮೆ ಸ್ಥಳ ನೋಡಲು ಒಪ್ಪಿದ್ದರು. ಅಂದು ಇತ್ಯರ್ಥವಾಗದಿದ್ದರೆ ಷಮೀಮಕ್ಕನ ಅಲೆದಾಟ ಮತ್ತೆ ಮೊದಲಿನಿಂದ ಶುರು. ಹಿಂದಿನ ದಿನ ಮಧ್ಯಾಹ್ನ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಸಂಜೆ ನಾನೂ ನನ್ನ ಜೊತೆ ಅಳತೆಕೋಲು ಹಿಡಿಯುವ ತಿಮ್ಮಯ್ಯನೂ ಕಣದ ನಡುವೆ ನೇರವಾಗಿ ಸುಣ್ಣದ ಪುಡಿಯ ಗೆರೆ ಹಾಕಿದೆವು. ಗಂಗಣ್ಣನವರು ದೂರದಲ್ಲಿ ನಿಂತು ನೋಡಿ, ಎಲೆಅಡಿಕೆ ಉಗಿದು ಹೋದರು. ಉಳಿದ ಸುಣ್ಣದ ಚೀಲವನ್ನು ಸ್ಕೂಟರಿಗೆ ಕಟ್ಟಿಕೊಂಡು ಕ್ಯಾತ್ಸಂದ್ರದ ನನ್ನ ಮನೆಗೆ ತಂದು ಕೋಣೆಯಲ್ಲಿಟ್ಟು ಬೀಗ ಹಾಕಿದೆ.

ಬೆಳಿಗ್ಗೆ ಹೋಗಿ ನೋಡಿದರೆ ಕಣದಲ್ಲಿ ಗೆರೆಯಿಲ್ಲ. ಗುಡಿಸಿದ ಗುರುತಿಲ್ಲ, ಕೆದಕಿದ ಗುರುತಿಲ್ಲ, ಒಂದು ಚಿಟಿಕೆ ಬಿಳುಪಿಲ್ಲ. ಹಸಿ ಮಣ್ಣಿನಲ್ಲಿ ನನ್ನ ಬೂಟು, ತಿಮ್ಮಯ್ಯನ ಬರಿಗಾಲು ಮಾತ್ರ ಹಿಂದಿನ ಸಂಜೆಯಂತೆಯೇ ಮೂಡಿದ್ದವು. ಗೆರೆ ಇದ್ದದ್ದು ಬೇರೆ ಕಡೆ. ಹೊಲಿಗೆ ಕೇಂದ್ರದ ಮೂಲೆಯನ್ನು ಸೀಳಿಕೊಂಡು, ಕಣವನ್ನು ಸುತ್ತಿ, ತಿಪ್ಪೆಯನ್ನು ಹತ್ತಿ ಇಳಿದು ಕೆರೆಯ ಕಡೆ ಹೋಗಿತ್ತು. ಅದರ ಉದ್ದಕ್ಕೂ ಒಂದೇ ಒಂದು ಹೆಜ್ಜೆ ಗುರುತು ಇರಲಿಲ್ಲ. ತಿಮ್ಮಯ್ಯ ನನ್ನ ಮುಖ ನೋಡಿದ. ನನಗೆ ಬೆನ್ನಲ್ಲಿ ಚಳಿ ಹುಟ್ಟಿತು.

ಏನು ಮಾಡಬೇಕೆಂದು ತೋಚುವ ಮೊದಲೇ ಎರಡೂ ಕಡೆಯವರು ಬಂದರು. ಗಂಗಣ್ಣನವರು ಗೆರೆ ನೋಡಿ ನಿಂತೇಬಿಟ್ಟರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಹೆಣ್ಮಕ್ಳು ಅಷ್ಟು ಜಾಗ ಬುಟ್ಕೊಟ್ಟವ್ರಲ್ಲ ಸಾರ್. ನಂದೇನ್ ಮಹಾ ತಿಪ್ಪೆ, ನಾಳೀಕೇ ಎತ್ಸಾಕ್ತೀನಿ" ಎಂದರು. ಅವರು ಅತ್ತ ಹೋದದ್ದೇ ಷಮೀಮಕ್ಕ ಇತ್ತ ಬಂದರು. "ದೊಡ್ಡ ಮನಸು ಸಾರ್ ಗಂಗಣ್ಣಾರ್ದು, ತಿಪ್ಪೆ ಬಿಟ್ಟವ್ರೆ ನೋಡಿ. ನಮ್ ಮೂಲೆ ಹೋದ್ರೆ ಹೋಗ್ಲಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೆರೆ ಹಾಕಿಸಿದ್ದು ಎದುರು ಕಡೆಯವರೇ ಎಂದು ಇಬ್ಬರೂ ನಂಬಿದ್ದರು! ನಾನು ಬಾಯಿ ತೆರೆದೆ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡೆ.

ಅಷ್ಟರಲ್ಲಿ ತಹಸೀಲ್ದಾರರ ಜೀಪು ಬಂತು. ಗೆರೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ, "ಇದ್ರಲ್ಲಿ ನೀರು ಹರಿಯುತ್ತೇನ್ರೀ?"

ಯಂತ್ರ ಕೂರಿಸಿ ಗುಳ್ಳೆಯನ್ನು ನಡುವೆ ತಂದೆ. ತಿಮ್ಮಯ್ಯ ಹತ್ತು ಹೆಜ್ಜೆಗೊಮ್ಮೆ ಅಳತೆಕೋಲು ನಿಲ್ಲಿಸುತ್ತಾ ಹೋದ. ತಿಪ್ಪೆಯ ಗುಡ್ಡೆಯೊಂದನ್ನು ಬಿಟ್ಟರೆ ಹೊಸ ಗೆರೆಯಲ್ಲಿ ಕೆರೆಯ ತನಕ ಒಂದೇ ಹದದ ಇಳಿಜಾರು, ಬೆರಳಿನಷ್ಟೂ ಹೆಚ್ಚುಕಡಿಮೆಯಿಲ್ಲ. ಯಂತ್ರವಿಲ್ಲದೆ ಹಾಗೆ ಗೆರೆ ಹಾಕುವುದು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲ. ನಾನು ಉಬ್ಬಿದೆ ಎಂದಿದ್ದ ಕಡೆ ಹುಲ್ಲು ಎತ್ತರ ಬೆಳೆದಿತ್ತು, ಅಷ್ಟೆ. "ಹರಿಯುತ್ತೆ ಸಾರ್. ನಾನು ಹೇಳಿದ್ದೇ ತಪ್ಪು" ಎಂದೆ. ಹೇಳಿದ ಮೇಲೆ ಮರ್ಯಾದೆ ಎಲ್ಲಿಗೂ ಹೋಗಲಿಲ್ಲ. ತಹಸೀಲ್ದಾರರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಅಲ್ಲೇ ಒಪ್ಪಿಗೆ ಬರೆಸಿದರು. ಗಂಗಣ್ಣನವರು ಊರಿಂದ ಮಂಡಕ್ಕಿ, ಟೀ ತರಿಸಿದರು. ಸಂಘದ ಹೆಂಗಸರ ನಗು ಕೆರೆ ಏರಿಯವರೆಗೂ ಕೇಳಿರಬೇಕು. ಚಳಿ ಹುಟ್ಟಿದ್ದ ನನ್ನ ಬೆನ್ನು ಯಾವಾಗ ಬೆಚ್ಚಗಾಯಿತೋ ಗೊತ್ತಾಗಲಿಲ್ಲ.

ಮೂರ್ನಾಲ್ಕು ವರ್ಷದ ಮೇಲೆ ಷಮೀಮಕ್ಕ ಹೊಸ ಮನೆಗೆ ಊಟಕ್ಕೆ ಕರೆದರು. ಗಂಗಣ್ಣನವರು ಅದೇ ಕಣದ ರಾಗಿ ಒಂದು ಚೀಲ ಹೊರಿಸಿಕೊಂಡು ಬಂದಿದ್ದರು. ಅವರಿಗೆಂದೇ ಷಮೀಮಕ್ಕ ಮಾಂಸ ತಾಗದ ಬೇರೆ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದ್ದರು. ಮಾತಿನ ನಡುವೆ ಷಮೀಮಕ್ಕ, "ಅವತ್ತು ನೀವು ಗೆರೆ ತಿರುಗಿಸ್ದೇ ಇದ್ದಿದ್ರೆ ಈ ಮನೆ ಎಲ್ಲಿರ್ತಿತ್ತು ಅಣ್ಣ?" ಎಂದರು. ಗಂಗಣ್ಣನವರ ಕೈಯ ಲೋಟ ಅಲ್ಲೇ ನಿಂತಿತು. "ನಾನೆಲ್ಲಮ್ಮಾ ತಿರುಗಿಸ್ದೆ? ನೀವಲ್ವಾ?" ಎಂದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ನಾನಲ್ಲ ಎಂದು ಆಣೆ ಮಾಡಿದೆ. ಬೀಗ, ಚೀಲ, ಹೆಜ್ಜೆ ಗುರುತು ಎಲ್ಲ ವಿವರಿಸಿದೆ. ಹೇಳಿದಷ್ಟೂ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಳ್ಳ ಸಾರ್ ನೀವು" ಎಂದು ಗಂಗಣ್ಣನವರು ನನ್ನ ಬಟ್ಟಲಿಗೆ ಇನ್ನೊಂದು ಸೌಟು ಪಾಯಸ ಬಡಿಸಿದರು. ಇಂದಿಗೂ ಆ ಎರಡು ಮನೆಗಳಲ್ಲಿ ಅದು ನನ್ನದೇ ಕೆಲಸ.

ಯಾರದೆಂದು ನನಗಂತೂ ಗೊತ್ತಿಲ್ಲ. ಅಂದಿನಿಂದ ಅಳೆಯದೆ ಯಾವ ದಾರಿಯನ್ನೂ ಆಗುವುದಿಲ್ಲ ಎಂದಿಲ್ಲ. ಎಲ್ಲೇ ಗೆರೆ ಹಾಕಿದರೂ ಉಳಿದ ಸುಣ್ಣವನ್ನು ಮನೆಗೆ ತರುವುದಿಲ್ಲ. ಚೀಲದ ಬಾಯಿ ಬಿಚ್ಚಿ ಅಲ್ಲೇ ಗೆರೆಯ ಪಕ್ಕ ಇಟ್ಟು ಬರುತ್ತೇನೆ. ಇದುವರೆಗೆ ಯಾರೂ ಮುಟ್ಟಿಲ್ಲ. ಆದರೂ ಮಾರನೆಯ ಬೆಳಿಗ್ಗೆ ಸ್ಕೂಟರು ನಿಲ್ಲಿಸುವ ಮೊದಲೇ ನನ್ನ ಕಣ್ಣು ಗೆರೆ ಹುಡುಕುತ್ತದೆ.