ಗೋಡೆಯಾಚೆಯ ಪಾಲು

ನಮ್ಮತ್ತೆಯ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದೂ ರೋಮವಿರಲಿಲ್ಲ. ಬಲಗೈ ಎಲ್ಲರಂತೆಯೇ ಇತ್ತು. ಮದುವೆಯಾದ ಹೊಸತರಲ್ಲಿ ಇದೇನು ಕಾಯಿಲೆಯೋ ಎಂದುಕೊಂಡಿದ್ದೆ. ಒಂದು ಭಾನುವಾರ ಅವರು ಹಿತ್ತಲಲ್ಲಿ ಮೆಕ್ಕೆಜೋಳದ ದಂಟು ಉರಿಹಾಕಿ, ಮೊಲವೊಂದನ್ನು ಹಿಂಗಾಲಿನಿಂದ ತೂಗಿ ಹಿಡಿದು ತುಪ್ಪಳ ಸುಡುವುದನ್ನು ಕಂಡಾಗ ವಿಷಯ ತಿಳಿಯಿತು. ಹಿಡಿಯುವ ಕೈ ಎಡಗೈ. ಮೊಲದ ರೋಮದ ಜೊತೆ ಅವರದೂ ಸುಟ್ಟುಹೋಗುತ್ತಿತ್ತು.

ನಾನು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬೆಳೆದವಳು. ನನಗೆ ಮಾಂಸವೆಂದರೆ ಕಪ್ಪು ಕವರಿನಲ್ಲಿ ಬರುವ ಕೋಳಿ, ಕುಕ್ಕರಿನ ಮೂರು ಸೀಟಿ. ಹರಿಹರದ ಪಕ್ಕದ ಗುತ್ತೂರಿಗೆ ಸೊಸೆಯಾಗಿ ಬಂದಾಗ ಅತ್ತೆ ಇದನ್ನೇ ಹಿಡಿದು ಛೇಡಿಸುತ್ತಿದ್ದರು.

"ನಿಮ್ಮ ಕಡಿ ಸೀಟಿ ಎಣಿಸಿದ್ರೆ ಅಡಿಗಿ ಆದಂಗೆ. ಇದು ಸೀಟಿಗೆ ಬಗ್ಗಲ್ಲ ತಾಯಿ. ಹೊಲದಾಗ ಓಡಾಡಿದ ಮಾಂಸ, ನಿಧಾನಕ್ಕೇ ಬೇಯಬೇಕು."

ವರ್ಷಕ್ಕೆ ಒಂದೋ ಎರಡೋ ಸಲ ಅವರ ತಮ್ಮ ಹೊಲದ ಕಡೆಯಿಂದ ಮೊಲವನ್ನೋ ಒಂದೆರಡು ಕಾಡುಹಕ್ಕಿಗಳನ್ನೋ ತಂದುಕೊಡುತ್ತಿದ್ದ. ಕಾನೂನಿಗೆ ಒಪ್ಪದ ಕೆಲಸವೆಂದು ಓಣಿಗೆಲ್ಲ ಗೊತ್ತಿತ್ತು, ಅದಕ್ಕೇ ಯಾರೂ ಜೋರಾಗಿ ಆಡುತ್ತಿರಲಿಲ್ಲ. ಆ ಮಾಂಸ ಮನೆಯ ಒಲೆ ಹತ್ತುವಂತಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು, ಅದಕ್ಕೆಂದೇ ಬೇರೆ ಮಡಕೆ. ಅರಿಸಿನ, ಉಪ್ಪು ಹಚ್ಚಿ ಮೊದಲು ಅದರ ನೀರಿನಲ್ಲೇ ಬೇಯಿಸುವರು. ಒಣಕೊಬ್ಬರಿ, ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಒರಳಿನಲ್ಲಿ ಅರೆಯುವರು. ಉಪ್ಪು ನೋಡಲು ಮಾತ್ರ ಒಂದು ತೊಟ್ಟೂ ನಾಲಗೆಗೆ ಇಡುತ್ತಿರಲಿಲ್ಲ, ಬರೀ ಆವಿಯನ್ನು ಮೂಸುತ್ತಿದ್ದರು. ಯಾಕೆಂದರೆ ಬೇಟೆಯ ಅಡುಗೆಯಲ್ಲಿ ಮೊದಲ ಪಾಲು ಗೋಡೆಯಾಚೆ ಹೋಗಬೇಕು. ಅದು ಹೋಗುವ ತನಕ ಮನೆಯವರು ಯಾರೂ ಬಾಯಿಗೆ ಇಡುವಂತಿಲ್ಲ, ಅಟ್ಟವರೂ.

ಗೋಡೆಯಾಚೆ ಇದ್ದವರು ಅತ್ತೆಯ ಗೆಳತಿ. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರಂತೆ. ನಾನು ಅವರನ್ನು ದೊಡ್ಡವ್ವ ಎನ್ನುತ್ತಿದ್ದೆ. ಬಟ್ಟಲು ಆಚೆ ಹೋದ ಸ್ವಲ್ಪ ಹೊತ್ತಿಗೆ ಅವರ ಕೂಗು ಬರುತ್ತಿತ್ತು: "ಒಂದ್ ಹರಳು ಉಪ್ಪು ಕಮ್ಮಿ ಐತೆ ನೋಡೇ!" ಅತ್ತೆ ಒಂದು ಹರಳು ಹಾಕಿ, "ಆಕಿ ನಾಲಿಗಿ ಸುಡ್ಲಿ, ಯಾವತ್ತೂ ಸರಿ ಐತೆ ಅಂದಿಲ್ಲ" ಎಂದು ನಕ್ಕು ನಮಗೆ ಬಡಿಸುತ್ತಿದ್ದರು. ಆ ಕೂಗು ಕೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಹೀಗೇ ಇನ್ನೊಂದು ಭಾನುವಾರ ಅತ್ತೆ ಗೋಡೆಯಾಚೆ ಕೊಡಲು ಬಟ್ಟಲನ್ನು ನನ್ನ ಕೈಗೆ ಕೊಟ್ಟು ಸ್ನಾನಕ್ಕೆ ಹೋದರು. ಕೆಂಪಗೆ ಎಣ್ಣೆ ತೇಲುತ್ತಿತ್ತು, ಚೆಂದ ಕಂಡಿತು. ಗೋಡೆಯ ಮೇಲಿಟ್ಟು ಫೋಟೋ ತೆಗೆದೆ. "ನಮ್ಮತ್ತೆಯ ಕೈರುಚಿ, ಮೊಲದ ಸಾರು" ಎಂದು ಬರೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಬುದ್ಧಿ ಎಲ್ಲಿತ್ತೋ! ಹಳೆಯ ಗೆಳತಿಯರ ಮೆಸೇಜುಗಳು ಬರತೊಡಗಿದವು. ಬಟ್ಟಲನ್ನು ಬಾಗಿಲ ಮರೆಗಿಟ್ಟು ಉತ್ತರ ಕೊಡುತ್ತಾ ಕೂತುಬಿಟ್ಟೆ. ಅತ್ತೆ ಬಂದು "ಕೊಟ್ಟಿಯೇನು?" ಎಂದರೆ "ಹೂಂ ಅತ್ತೆ" ಎಂದೆ. ಅವರು ಸ್ವಲ್ಪ ಹೊತ್ತು ಗೋಡೆಯ ಕಡೆ ಕಿವಿಗೊಟ್ಟು ಕಾದರು. ಕೂಗು ಬರಲಿಲ್ಲ. "ನಿದ್ದಿ ಮಾಡ್ಯಾಳೇನೋ" ಎಂದು ಬಡಿಸಿದರು. ಎಲ್ಲರೂ ಉಂಡೆವು. ಸಂಜೆ ಅಲ್ಲೇ ಇದ್ದ ಬಟ್ಟಲು ಕಣ್ಣಿಗೆ ಬಿತ್ತು. ಕದ್ದುಮುಚ್ಚಿ ಹೋಗಿ ದೊಡ್ಡವ್ವನ ಕೈಗಿತ್ತು ಬಂದೆ.

ಮರುದಿನ ಬೆಳಿಗ್ಗೆ ಅರಣ್ಯ ಇಲಾಖೆಯ ಜೀಪು ಬಂತು. ಮಾಹಿತಿ ಬಂದಿದೆ ಎಂದರೇ ಹೊರತು ಎಲ್ಲಿಂದ ಎಂದು ಹೇಳಲಿಲ್ಲ. ಮಡಕೆಯ ತಳ, ಮೂಳೆ, ತಿಪ್ಪೆಯಲ್ಲಿದ್ದ ಕಾಲಿನ ಪಂಜ ಎಲ್ಲ ಸಿಕ್ಕವು. ಅಷ್ಟರಲ್ಲಿ ನನ್ನ ಫೋನಿಗೆ ಗೆಳತಿಯೊಬ್ಬಳ ಮೆಸೇಜು: ನಿನ್ನ ಸ್ಟೇಟಸ್ಸನ್ನು ಯಾರೋ ಗ್ರೂಪಿಗೆ ಹಾಕಿದ್ದಾರೆ, ಬೇಗ ತೆಗಿ. ತೆಗೆದೆ. ಬಾಯಿ ಮಾತ್ರ ತೆಗೆಯಲಿಲ್ಲ.

ತಂದವರು ಯಾರು ಎಂದು ಕೇಳಿದ್ದಕ್ಕೆ ಅತ್ತೆ ತಮ್ಮನ ಹೆಸರೆತ್ತಲಿಲ್ಲ. "ನಾನೇ ಹಿಡಿದೀನಿ, ನಾನೇ ಬೇಯಿಸೀನಿ. ನನ್ನ ಸೊಸಿಗೆ ಏನೂ ಕೇಳಬ್ಯಾಡ್ರಿ, ಆಕಿ ಪ್ಯಾಟಿ ಹುಡುಗಿ. ಒಂದ್ ಗಳಿಗಿ ನಿಲ್ರಿ, ಸೀರಿ ಬದಲಿಸ್ತೀನಿ, ಹೊಗಿ ವಾಸನಿ ಐತೆ" ಎಂದು ಒಳಹೋದರು. ಒಗೆದ ಸೀರೆ ಉಟ್ಟು, ತಲೆ ಬಾಚಿಕೊಂಡು ಜೀಪು ಹತ್ತಿದರು. ಓಣಿಯೆಲ್ಲ ನಿಂತು ನೋಡಿತು.

ಜಾಮೀನಿನ ಮೇಲೆ ವಾಪಸು ಬಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ. ಸೆರೆಯ ದುಃಖಕ್ಕಿಂತ ದೊಡ್ಡದೊಂದು ಲೆಕ್ಕಾಚಾರ ಅವರ ತಲೆಯಲ್ಲಿ ಮುಗಿದಿತ್ತು. "ಆವತ್ತು ಉಪ್ಪಿನ ಮಾತು ಬರಲಿಲ್ಲ ನೋಡು. ಆಗ್ಲೇ ಆಕಿ ಮನಸ್ಸು ಕೆಟ್ಟಿತ್ತು. ಆಕಿನೇ ಹೇಳ್ಯಾಳ" ಎಂದರು. "ಅಲ್ಲ ಅತ್ತೆ, ನಾನು" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎನ್ನುತ್ತಾ ಎರಡು ವರ್ಷ ಕಳೆದೆ. ನಾನು ಹೇಡಿ, ಬೇರೆ ಹೆಸರಿಲ್ಲ ಅದಕ್ಕೆ.

ದೊಡ್ಡವ್ವ ಒಂದೆರಡು ಸಲ ಬಾಗಿಲಿಗೆ ಬಂದರು. ಅತ್ತೆ ಎದ್ದು ಒಳಗೆ ಹೋದರು. ಆಮೇಲೆ ಅವರೂ ಬರುವುದು ಬಿಟ್ಟರು. ಹರಿಹರದ ಕೋರ್ಟಿಗೆ ಪ್ರತಿ ಸಲವೂ ನಾನೇ ಅತ್ತೆಯನ್ನು ಆಟೋದಲ್ಲಿ ಕರೆದೊಯ್ಯುತ್ತಿದ್ದೆ. ಬೆಂಚಿನ ಮೇಲೆ ಕೂತು ನನ್ನ ಕೈ ಹಿಡಿದುಕೊಂಡು, "ನೀನೊಬ್ಬಾಕಿ ಇದ್ದೀಯಲ್ಲ ತಾಯಿ" ಎನ್ನುತ್ತಿದ್ದರು. ಆ ಕೈಯನ್ನು ಬಿಡಿಸಿಕೊಳ್ಳಲೂ ಆಗುತ್ತಿರಲಿಲ್ಲ, ಹಿಡಿಯಲೂ ಆಗುತ್ತಿರಲಿಲ್ಲ.

ಕೇಸು ಮುಗಿಯುವ ಮೊದಲೇ ಅತ್ತೆಯ ಕಿಡ್ನಿ ಕೈಕೊಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಕೊನೆಯ ಹಿಂದಿನ ದಿನ ಕೇಳಿದರು, "ಪಕ್ಕದ ಮನಿಯಾಕಿ ಬಂದಿದ್ಲೇನು?"

"ಇಲ್ಲ ಅತ್ತೆ."

"ಬಂದ್ರೂ ನಾ ಮಾತಾಡಂಗಿಲ್ಲ ಬಿಡು" ಎಂದರು. ಆದರೆ ವಾರ್ಡಿನ ಬಾಗಿಲು ಸದ್ದಾದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಆಗಲಾದರೂ ದೊಡ್ಡವ್ವನಿಗೆ ಒಂದು ಫೋನು ಮಾಡಬಹುದಿತ್ತು. ಮಾಡಿದರೆ ಎಲ್ಲ ಹೊರಬೀಳುತ್ತಿತ್ತು. ನಾನು ಮಾಡಲಿಲ್ಲ.

ಮಣ್ಣು ಮಾಡಿ ಬಂದ ದಿನ ದೊಡ್ಡವ್ವ ಗೇಟಿನ ತನಕ ಬಂದು ಹಾಗೇ ವಾಪಸು ಹೋದರು. ನಾನು ಹಿಂದೆಯೇ ಓಡಿದೆ. ಅವರ ಜಗಲಿಯ ಮೇಲೆ ಕೂತು ಫೋಟೋ, ಮರೆತ ಬಟ್ಟಲು, ಹೇಳಿದ ಸುಳ್ಳು ಎಲ್ಲವನ್ನೂ ಹೇಳಿದೆ. ಬೈಯಲಿ, ಹೊಡೆಯಲಿ ಎಂದು ಕಾದೆ.

"ಸಂಜಿಗೆ ತಣ್ಣಗಾಗಿದ್ದು ಬಂತು" ಎಂದರು ನಿಧಾನವಾಗಿ. "ಉಂಡು ಉಳಿದಿದ್ದು ಕಳಿಸ್ಯಾಳ ಅಂತ ನಾನೂ ಬಿಗುಮಾನ ಮಾಡಿ ಸುಮ್ನಿದ್ದೆ. ಮರುದಿನ ಜೀಪು ಬಂದಾಗ ಹೆದರಿ ಒಳಗೇ ಕುಂತೆ. ಅದಕ್ಕೇ ಸಿಟ್ಟಾಗ್ಯಾಳ ಅನ್ಕಂಡಿದ್ದೆ ಇಷ್ಟ್ ದಿನ."

ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ನನ್ನ ಕಡೆ ತಿರುಗಿದರು.

"ಹಂಗಾರೆ ನಾನೇ ಹೇಳೀನಿ ಅಂತ ತಿಳ್ಕಂಡೇ ಹೋದ್ಲಾ?"

ಹೌದು ಎನ್ನುವುದನ್ನೂ ನಾನೇ ಹೇಳಬೇಕಾಯಿತು.